ನಕ್ಷಾ ಕಟ್ಟುವವರ ಊರು

ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಗಳನ್ನು ಆಡುವವರಲ್ಲಿ ಒಂದು ಹಳೆಯ ತಕರಾರಿದೆ. ಒಂದು ಕತ್ತಿ ಬೇಕು ಅಂದರೆ ಮೊದಲು ಗುಡ್ಡಕ್ಕೆ ಹೋಗಿ ಅದಿರು ಅಗೆಯಬೇಕು. ಅದನ್ನು ಕರಗಿಸಬೇಕು. ಹಿಡಿಗೆ ಮರ ಕಡಿಯಬೇಕು, ಹಿಡಿಯ ಸುತ್ತ ಬಿಗಿಯಲು ಚರ್ಮ ಬೇಕು, ಚರ್ಮ ಹದ ಮಾಡಲು ಇನ್ನೇನೋ ಬೇಕು. ಪ್ರತಿಯೊಂದಕ್ಕೂ ಬೇರೆ ಕೌಶಲ, ಬೇರೆ ಉಪಕರಣ. ಆಟದ ಭಾಷೆಯಲ್ಲಿ ಇದಕ್ಕೆ ಕ್ರಾಫ್ಟಿಂಗ್ ಎನ್ನುತ್ತಾರೆ. "ಹಗಲೆಲ್ಲ ಆಫೀಸಿನಲ್ಲಿ ಎಕ್ಸೆಲ್ ಶೀಟು, ರಾತ್ರಿ ಆಟದಲ್ಲೂ ಎಕ್ಸೆಲ್ ಶೀಟಾ?" ಅನ್ನುವುದು ತಕರಾರಿನ ಸಾರಾಂಶ. ಅದರಲ್ಲಿ ಹುರುಳಿಲ್ಲ ಅಂತಲ್ಲ. ಆದರೆ ಅದನ್ನು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಬನಾರಸ್. ನಾನು ನೋಡಿದ ಅತ್ಯಂತ ಗೋಜಲಿನ ಕ್ರಾಫ್ಟಿಂಗ್ ವ್ಯವಸ್ಥೆ ಇರುವುದು ಆ ಊರಿನ ಗಲ್ಲಿಗಳಲ್ಲಿ. ಆ ಗೋಜಲನ್ನು ಒಂದೊಂದಾಗಿ ಬಿಡಿಸುತ್ತ ಹೋದಾಗ ಅಲ್ಲಿ ಏನಾಯಿತು ಎಂಬುದು ಆಟ ಆಡದವರಿಗೂ ತಿಳಿದಿರಬೇಕಾದ ಇತಿಹಾಸ.

ಮೊದಲು ಆಟದ ಕಥೆ. ಸಾವಿರಾರು ಜನ ಒಂದೇ ಲೋಕದಲ್ಲಿ ಒಟ್ಟಿಗೆ ಆಡುವ ಆಟಗಳಲ್ಲಿ 1997ರ ಅಲ್ಟಿಮಾ ಆನ್‌ಲೈನ್ ಮುಖ್ಯವಾದದ್ದು. ಅಲ್ಲಿ ಯುದ್ಧಕ್ಕೆ ಹೋಗದೆ ಕಮ್ಮಾರನಾಗಿ, ದರ್ಜಿಯಾಗಿ ಬದುಕಬಹುದಿತ್ತು. ಆದರೆ ಕೌಶಲದ ಅಂಕ ಏರಿಸಿಕೊಳ್ಳಲು ಆಟಗಾರರು ಯಾರಿಗೂ ಬೇಡದ ಅಂಗಿಗಳನ್ನು ರಾಶಿಗಟ್ಟಲೆ ಹೊಲಿದು ಹಾಕಿದರು. ಆ ಆಟದ ಪ್ರಮುಖ ವಿನ್ಯಾಸಕಾರ ರಾಫ್ ಕಾಸ್ಟರ್ ಮುಂದೆ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಆಟದ ಹೊಣೆ ಹೊತ್ತ. 2003ರ ಜೂನ್‌ನಲ್ಲಿ ಬಂದ ಆ ಆಟದ ಕ್ರಾಫ್ಟಿಂಗ್ ಇವತ್ತಿಗೂ ಮಾತಿನಲ್ಲಿದೆ. ಅಲ್ಲಿ ಕಬ್ಬಿಣ ಅಂದರೆ ಬರೀ ಕಬ್ಬಿಣವಲ್ಲ. ಒಂದೊಂದು ನಿಕ್ಷೇಪಕ್ಕೂ ತನ್ನದೇ ಹೆಸರು, ತನ್ನದೇ ಗುಣದ ಅಂಕಿಗಳು. ಕೆಲವು ದಿನ ಒಂದು ಗ್ರಹದಲ್ಲಿ ಸಿಗುತ್ತದೆ, ಆಮೇಲೆ ಶಾಶ್ವತವಾಗಿ ಮಾಯ. ಸಿಕ್ಕಾಗ ಕೂಡಿಟ್ಟುಕೊಂಡವನೇ ಜಾಣ. ಬಂದೂಕುಗಳು ಬಳಸಿದಂತೆ ಸವೆಯುತ್ತಿದ್ದವು, ಒಳ್ಳೆಯವು ಎಲ್ಲೂ ಬಿದ್ದು ಸಿಗುತ್ತಿರಲಿಲ್ಲ. ಹಾಗಾಗಿ ಯೋಧರು ಕಸುಬುದಾರರ ಅಂಗಡಿಗೆ ಬರಲೇಬೇಕಿತ್ತು. ಯಾವ ಊರಿನಲ್ಲಿ ಯಾರು ಒಳ್ಳೆಯ ಬಂದೂಕು ಮಾಡುತ್ತಾರೆ ಎಂಬುದು ಬಾಯಿಂದ ಬಾಯಿಗೆ ಹರಡುತ್ತಿತ್ತು.

ಎಲ್ಲ ಆಟಗಳಲ್ಲೂ ಇದು ಹೀಗೆ ಕೂಡಿಬರಲಿಲ್ಲ. 2004ರ ಎವರ್‌ಕ್ವೆಸ್ಟ್ 2ರಲ್ಲಿ ಒಬ್ಬರ ಕೆಲಸಕ್ಕೆ ಬೇಕಾದ ಭಾಗಗಳನ್ನು ಇನ್ನೊಬ್ಬರು ಮಾಡಿಕೊಡಬೇಕಿತ್ತು. ಕುಲುಮೆಯ ಮುಂದೆ ಎಚ್ಚರ ತಪ್ಪಿದರೆ ಕಮ್ಮಾರ ಸತ್ತೇ ಹೋಗಬಹುದಿತ್ತು! ಬಹಳ ಜನ ಬೇಸತ್ತರು. ಒಬ್ಬರಿಗೊಬ್ಬರು ಕಾಯುವ ನಿಯಮವನ್ನು ಕೊನೆಗೆ ತೆಗೆದುಹಾಕಿದರು. 2010ರ ಫೈನಲ್ ಫ್ಯಾಂಟಸಿ 14 ಒಂದು ವಸ್ತುವಿಗೆ ಹತ್ತು ಬಿಡಿಭಾಗ ಕೇಳಿ ಜನರನ್ನು ದಣಿಸಿತು. ಕ್ರಾಫ್ಟಿಂಗ್ ಮಾತ್ರವಲ್ಲ, ಇಡೀ ಆಟವೇ ಸೋತು, 2013ರಲ್ಲಿ ಹೊಸದಾಗಿ ಕಟ್ಟಿ ಬಿಡಬೇಕಾಯಿತು. ಇಲ್ಲಿ ಎರಡು ಬಗೆಯ ಕಷ್ಟಗಳಿವೆ. ಒಂದು, ನನ್ನನ್ನು ಇನ್ನೊಬ್ಬ ಮನುಷ್ಯನ ಬಾಗಿಲಿಗೆ ಕರೆದೊಯ್ಯುವ ಕಷ್ಟ. ಇನ್ನೊಂದು, ಸುಮ್ಮನೆ ನನ್ನ ಸಮಯ ತಿನ್ನುವ ಕಷ್ಟ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಗ್ಯಾಲಕ್ಸೀಸ್ ಬಂದ ವರ್ಷವೇ ನಾನು ಎಂಟೆಕ್‌ಗೆಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಸೇರಿದೆ. ಆಟಗಳ ಪರಿಚಯವಾದದ್ದು ಆಮೇಲೆ, ಕೆಲಸಕ್ಕೆ ಸೇರಿ ಆನ್‌ಸೈಟ್ ಹೋದಾಗ. ಆದರೆ ಮಗ್ಗದ ಪರಿಚಯ ಮೊದಲೇ ಇತ್ತು. ನಾನು ಗುಳೇದಗುಡ್ಡದ ಕಡೆಯವನು, ಖಣದ ಮಗ್ಗದ ಸದ್ದಿನಲ್ಲೇ ಬೆಳೆದವನು. ಬನಾರಸ್‌ನಲ್ಲಿ ರಜಾ ದಿನ ಲಂಕಾ ಗೇಟಿನಿಂದ ಗೋದೌಲಿಯಾ ಕಡೆಗೆ ನಡೆದರೆ ಸೋನಾರ್‌ಪುರ ದಾಟಿದ ಮೇಲೆ ಮದನ್‌ಪುರ, ಅದಕ್ಕೆ ಅಂಟಿಕೊಂಡೇ ಜಂಗಮವಾಡಿ. ಕನ್ನಡ ಕಿವಿಗೆ ಬಿದ್ದರೆ ಸಾಕೆಂದು ನಾನು ಹೋಗುತ್ತಿದ್ದದ್ದು ಜಂಗಮವಾಡಿ ಮಠಕ್ಕೆ. ದಾರಿಯಲ್ಲಿ ಮದನ್‌ಪುರದ ಮನೆಗಳ ಒಳಗಿನಿಂದ ಬರುತ್ತಿದ್ದ ಮಗ್ಗದ ಸದ್ದು ನಮ್ಮೂರಿನ ಸದ್ದಿನ ಹಾಗೇ ಇತ್ತು. ಆದರೆ ಒಳಗೆ ಇಣುಕಿದರೆ ಗುಂಡಿಮಗ್ಗದ ಮೇಲೆ ಸೂರಿನವರೆಗೂ ಏರಿದ ದಾರಗಳ ಕಾಡು. ನಮ್ಮಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ.

ಒಂದು ಬನಾರಸ್ ಸೀರೆಗೆ ಎಷ್ಟು ಕೈ ಬೇಕು ನೋಡಿ. ರೇಷ್ಮೆಯ ದೊಡ್ಡ ಪಾಲು ಹೋಗುವುದು ನಮ್ಮ ಕರ್ನಾಟಕದಿಂದ. ಅಂದರೆ ಹಿಪ್ಪುನೇರಳೆ ಬೆಳೆಯುವವರು, ಹುಳು ಸಾಕುವವರು, ಗೂಡಿನಿಂದ ನೂಲು ತೆಗೆಯುವವರು, ಹುರಿ ಹಾಕುವವರು ಇಲ್ಲೇ ಮೊದಲಾಗುತ್ತಾರೆ. ಬನಾರಸ್‌ಗೆ ಹೋದ ನೂಲಿನ ಅಂಟು ತೆಗೆದು ಬಣ್ಣ ಹಾಕುವವರು ಬೇರೆ. ಹಾಸು ಹೂಡುವವರು ಬೇರೆ. ನಲವತ್ತೈದು ಇಂಚು ಅಗಲಕ್ಕೆ ಸಾಮಾನ್ಯವಾಗಿ 5,600ರ ಆಸುಪಾಸು ಎಳೆಗಳು. ಜರಿ ಎಳೆಯುವವರು, ವಿನ್ಯಾಸ ಬರೆಯುವವರು, ಅದನ್ನು ಮಗ್ಗಕ್ಕೆ ಇಳಿಸುವವರು, ನೇಯುವವರು, ಕಂಡಿಕೆ ಸುತ್ತುವವರು, ಹಿಂಬದಿಯ ದಾರ ಕತ್ತರಿಸುವವರು, ಮೆರುಗು ಕೊಡುವವರು ಎಲ್ಲರೂ ಬೇರೆ ಬೇರೆ. ನೇಕಾರರ ಮೇಲೆ 'ಗಿರಸ್ತ' ಎಂಬ ಯಜಮಾನ ನೇಕಾರ, ಅವನ ಮೇಲೆ ಚೌಕ್ ಸುತ್ತಲಿನ ಗದ್ದಿಗಳಲ್ಲಿ ಕೂರುವ ವ್ಯಾಪಾರಿ. ಸರಳವಾದ ಸೀರೆಗೆ ಹದಿನೈದು ದಿನ, ತುಂಬು ಕೆಲಸದ್ದಕ್ಕೆ ತಿಂಗಳುಗಟ್ಟಲೆ. ಯಾವ ಆಟದ ವಿನ್ಯಾಸಕಾರನೂ ಆಟಗಾರರ ಮುಂದೆ ಇಂಥದ್ದನ್ನು ಇಡುವ ಧೈರ್ಯ ಮಾಡಲಾರ.

ಇದು ಒಂದೇ ದಿನ ಹುಟ್ಟಿದ್ದಲ್ಲ. ಬೌದ್ಧ ಗ್ರಂಥಗಳು ಕಾಶಿಯ ಬಟ್ಟೆಯನ್ನು ಹೊಗಳುತ್ತವೆ. ನಮ್ಮ ಜೇಡರ ದಾಸಿಮಯ್ಯನ ಹಾಗೆ ಮಗ್ಗದ ಮುಂದೆ ಕೂತೇ ಪದ ಕಟ್ಟಿದ ಕಬೀರ 15ನೆಯ ಶತಮಾನದಲ್ಲಿ ಇದೇ ಊರಿನವನು. 1580ರ ದಶಕದಲ್ಲಿ ಬಂದ ಇಂಗ್ಲಿಷ್ ವ್ಯಾಪಾರಿ ರಾಲ್ಫ್ ಫಿಚ್ ಇಲ್ಲಿ ಕಂಡು ಬರೆದದ್ದು ಮುಖ್ಯವಾಗಿ ಹತ್ತಿ ಬಟ್ಟೆ ಮತ್ತು ಮುಂಡಾಸಿನ ಬಟ್ಟೆಯ ಬಗ್ಗೆ. 1665ರಲ್ಲಿ ಬಂದ ಫ್ರೆಂಚ್ ರತ್ನ ವ್ಯಾಪಾರಿ ತಾವೆರ್ನಿಯೆ ಹತ್ತಿಯ ಜೊತೆಗೆ ರೇಷ್ಮೆ ಬಟ್ಟೆ ಮಾರುವುದನ್ನೂ ನೋಡಿದ. ಮಾರುವ ಮೊದಲು ಬಟ್ಟೆಗೆ ಸರ್ಕಾರದ ಮುದ್ರೆ ಬೀಳಬೇಕು, ಇಲ್ಲದಿದ್ದರೆ ದಂಡ ಎಂದೂ ಬರೆದ. ಮೊಗಲರ ಕಾಲದಲ್ಲಿ ಮತ್ತು ಅವರ ನಂತರ ರೇಷ್ಮೆ–ಜರಿಯ ಕಿಂಖಾಬು ಈ ಊರಿನ ಗುರುತಾಯಿತು.

ಆ ಕಿಂಖಾಬಿನ ತಿರುಳು 'ನಕ್ಷಾ'. ಹೂ ಬಳ್ಳಿಯ ಚಿತ್ರ ಕಾಗದದ ಮೇಲಿದ್ದರೆ ಮಗ್ಗಕ್ಕೆ ಅರ್ಥವಾಗುವುದಿಲ್ಲ. ಯಾವ ಸಾಲಿನಲ್ಲಿ ಹಾಸಿನ ಯಾವ ಎಳೆ ಮೇಲೇಳಬೇಕು ಎಂಬುದಷ್ಟೇ ಅದಕ್ಕೆ ಗೊತ್ತು. ನಕ್ಷಾಬಂದ್ ಎಂಬ ಕುಶಲಿ ಚೌಕಟ್ಟಿಗೆ ಉದ್ದಕ್ಕೆ ದಾರ ಬಿಗಿಯುತ್ತಿದ್ದ. ಅವು ಹಾಸಿನ ಎಳೆಗಳ ಲೆಕ್ಕ. ಚಿತ್ರ ನೋಡುತ್ತ, ಎಣಿಸುತ್ತ ಅಡ್ಡ ದಾರಗಳನ್ನು ಅವುಗಳ ಹಿಂದೆ ಮುಂದೆ ತೂರಿಸುತ್ತಿದ್ದ. ಅವು ಹೊಕ್ಕಿನ ಸಾಲುಗಳ ಲೆಕ್ಕ. ಹೀಗೆ ದಾರದಲ್ಲೇ ಬರೆದ ಈ ಬರಹವನ್ನು ಮಗ್ಗದ ಮೇಲೆ ಕಟ್ಟಿ, ಹಾಸಿನ ಎಳೆಗಳಿಗೆ ಜೋಡಿಸುತ್ತಿದ್ದರು. ಸಹಾಯಕ ಹುಡುಗ ಅಡ್ಡ ದಾರಗಳನ್ನು ಒಂದೊಂದಾಗಿ ಎಳೆದರೆ ಬೇಕಾದ ಎಳೆಗಳು ಮೇಲೇಳುತ್ತವೆ, ನೇಕಾರ ಲಾಳಿ ತೂರುತ್ತಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಕ್ಷಾ ಅಂದರೆ ಕೋಡು, ಹುಡುಗ ಅಂದರೆ ಪ್ರೊಸೆಸರ್. ಒಂದು ನಕ್ಷಾದಿಂದ ಇನ್ನೊಂದನ್ನು ಪ್ರತಿ ಮಾಡಿಕೊಳ್ಳಲೂ ಬರುತ್ತಿತ್ತು. ಆದರೆ ಕಟ್ಟುವ ವಿದ್ಯೆ ಕೆಲವೇ ಮನೆತನಗಳದ್ದು. ಪುಪುಲ್ ಜಯಕರ್ 1967ರಲ್ಲಿ ಈ ನಕ್ಷಾಬಂದ್‌ಗಳ ಬಗ್ಗೆ ಲೇಖನ ಬರೆಯುವ ಹೊತ್ತಿಗಾಗಲೇ ಆ ವಿದ್ಯೆ ಅಳಿವಿನ ಅಂಚಿನಲ್ಲಿತ್ತು.

ಕಾರಣ, ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಾಕಾರ್ಡ್. 1804ರಲ್ಲಿ ಅವನು ಸಿದ್ಧಪಡಿಸಿದ ಯಂತ್ರದಲ್ಲಿ ತೂತು ಕೊರೆದ ರಟ್ಟುಗಳ ಸರಪಳಿ ಇತ್ತು. ಒಂದು ರಟ್ಟು ಅಂದರೆ ಹೊಕ್ಕಿನ ಒಂದು ಸಾಲು. ನೇಕಾರ ಕಾಲಿನಿಂದ ತುಳಿದರೆ ರಟ್ಟು ತಿರುಗುತ್ತದೆ, ತೂತಿದ್ದಲ್ಲಿ ಎಳೆ ಏಳುತ್ತದೆ. ಎಂಜಿನಿಯರಿಂಗ್ ಓದಿದವರಿಗೆ ಇದರ ಮುಂದಿನ ಕಥೆ ಗೊತ್ತು. 1839ರಲ್ಲಿ ಸುಮಾರು 24,000 ರಟ್ಟು ಬಳಸಿ ರೇಷ್ಮೆಯಲ್ಲಿ ನೇಯ್ದ ಜಾಕಾರ್ಡ್‌ನ ಭಾವಚಿತ್ರದ ಒಂದು ಪ್ರತಿಯನ್ನು ಚಾರ್ಲ್ಸ್ ಬ್ಯಾಬೇಜ್ ಇಟ್ಟುಕೊಂಡಿದ್ದ. ತನ್ನ ಅನಲಿಟಿಕಲ್ ಎಂಜಿನ್ನಿಗೂ ಅಂಥದ್ದೇ ರಟ್ಟುಗಳನ್ನು ಯೋಚಿಸಿದ. 1890ರ ಅಮೆರಿಕದ ಜನಗಣತಿಯನ್ನು ಹಾಲೆರಿತ್ ತೂತಿನ ಕಾರ್ಡುಗಳಿಂದಲೇ ಎಣಿಸಿದ. ನನ್ನ ಸಂಬಳದ ವಂಶಾವಳಿ ಹುಡುಕುತ್ತ ಹಿಂದೆ ಹೋದರೆ ಸಿಗುವುದು ಮಗ್ಗವೇ. ಲಿಯಾನ್‌ನ ಯಂತ್ರಕ್ಕೂ ಮೊದಲು ಅದೇ ಕೆಲಸವನ್ನು ದಾರದಲ್ಲಿ ಮಾಡುತ್ತಿದ್ದವರ ಹೆಸರು ಮಾತ್ರ ನಮ್ಮ ಪಠ್ಯದಲ್ಲಿರಲಿಲ್ಲ.

20ನೆಯ ಶತಮಾನದ ಆರಂಭದ ದಶಕಗಳಲ್ಲಿ ಜಾಕಾರ್ಡ್ ಬನಾರಸ್‌ಗೆ ಬಂತು. ಅದನ್ನು ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ದಿನವಿಡೀ ದಾರ ಎಳೆಯುವ ಹುಡುಗನ ಕೆಲಸ ಹೋಯಿತು ಎಂದು ಯಾರು ಅಳಬೇಕು? ಅವನು ಶಾಲೆಗೆ ಹೋಗಿದ್ದರೆ ಸಂತೋಷವೇ. ನೇಕಾರ ಒಬ್ಬನೇ ಕೂತು ನೇಯಬಹುದಾಯಿತು, ವಿನ್ಯಾಸ ಬದಲಿಸುವುದು ಅಗ್ಗವಾಯಿತು, ನಡುಮಟ್ಟದ ಮನೆಯ ಮದುವೆಗೂ ಬನಾರಸ್ ಸೀರೆ ಬಂತು. ಗ್ರಾಫ್ ಕಾಗದದ ಮೇಲೆ ಚುಕ್ಕಿ ತುಂಬುವವರು, ರಟ್ಟು ಕೊರೆಯುವವರು ಎಂಬ ಹೊಸ ಕಸುಬುಗಳೂ ಹುಟ್ಟಿದವು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಕ್ಷಾ ಅದೇ ಬಗೆಯ ಕೈಮಗ್ಗದ ಮೇಲೆ, ಅದೇ ಊರಿನ ಜನರ ನಡುವೆ ಮಾತ್ರ ಕೆಲಸ ಮಾಡುತ್ತಿತ್ತು. ರಟ್ಟುಗಳ ಸರಪಳಿ ಹಾಗಲ್ಲ. ಅದನ್ನು ಬಿಚ್ಚಿ ಪವರ್‌ಲೂಮ್ ಮೇಲಿನ ಜಾಕಾರ್ಡ್‌ಗೂ ಏರಿಸಬಹುದು. ಮುಂದೆ ರಟ್ಟಿನ ಜಾಗಕ್ಕೆ ಕಂಪ್ಯೂಟರ್ ಫೈಲ್ ಬಂದ ಮೇಲೆ ವಿನ್ಯಾಸ ಒಂದು ಈಮೇಲ್‌ನಲ್ಲಿ ಸೂರತ್ತಿಗೂ ಹೋಗಬಹುದು. ಮನುಷ್ಯರ ನಡುವೆ ಹಂಚಿಕೊಂಡಿದ್ದ ಕಷ್ಟ ಒಂದು ವಸ್ತುವಿನೊಳಗೆ ಸೇರಿತು. ಆ ವಸ್ತು ಯಾರ ಕೈಯಲ್ಲಿದೆಯೋ ಅವರದ್ದಾಯಿತು.

ಇಡೀ ವ್ಯವಸ್ಥೆಯಲ್ಲಿ ಸರಳವಾಗದೆ ಉಳಿದದ್ದು ಹೆಂಗಸರ ಕೆಲಸ. ಕಂಡಿಕೆ ಸುತ್ತುವುದು, ದಾರ ಕತ್ತರಿಸುವುದು ಮನೆಯೊಳಗೇ ನಡೆಯುತ್ತದೆ. ಎಷ್ಟೋ ಸಲ ಅದಕ್ಕೆ ಬೇರೆ ಕೂಲಿಯೇ ಇಲ್ಲ, ಗಂಡನ ಸೀರೆಯ ಕೂಲಿಯಲ್ಲೇ ಸೇರಿಹೋಗುತ್ತದೆ. ಆಟಗಳಲ್ಲಿ ಇಂಥ ಬೇಸರದ ಪುನರಾವರ್ತನೆಗೆ ಗ್ರೈಂಡಿಂಗ್ ಎನ್ನುತ್ತಾರೆ. ಅಲ್ಲಿ ಕೊನೆಗೆ ಅಂಕವಾದರೂ ಸಿಗುತ್ತದೆ. ನಮ್ಮ ಗುಳೇದಗುಡ್ಡದಲ್ಲೂ ಪರಿಸ್ಥಿತಿ ಬೇರೆಯಲ್ಲ. ಮಗ್ಗದ ಲೆಕ್ಕ ಕೇಳಿದರೆ ಕೂತು ನೇಯುವ ಗಂಡಸನ್ನು ಎಣಿಸುತ್ತೇವೆ, ಮೂಲೆಯಲ್ಲಿ ರಾಟಿ ತಿರುಗಿಸುವವಳನ್ನು ಬಿಟ್ಟುಬಿಡುತ್ತೇವೆ.

ನಾನು ಅಲ್ಲಿದ್ದ ಕಾಲಕ್ಕೆ ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ. 2001ರ ಏಪ್ರಿಲ್‌ನಲ್ಲಿ ಆಮದಿನ ಮೇಲಿದ್ದ ಪ್ರಮಾಣದ ಮಿತಿಗಳು ಹೋದವು. ಚೀನಾದ ನೂಲೂ ಬಂತು, ಬಟ್ಟೆಯೂ ಬಂತು. ನೂಲಿನಿಂದ ನಮ್ಮ ರಾಮನಗರ, ಶಿಡ್ಲಘಟ್ಟದ ರೈತರಿಗೆ ಪೆಟ್ಟು. 2003ರಲ್ಲಿ ಚೀನಾದ ಕಚ್ಚಾ ರೇಷ್ಮೆಗೆ ಆಂಟಿ ಡಂಪಿಂಗ್ ಸುಂಕ ಹಾಕಿದರು. ಅದು ನಮ್ಮ ರೈತನಿಗೆ ಆಸರೆ. ಆದರೆ ಅದರಿಂದ ಮದನ್‌ಪುರದ ನೇಕಾರನ ನೂಲು ದುಬಾರಿಯಾಯಿತು, ಎದುರಿಗೆ ಅಗ್ಗದ ಸಿದ್ಧ ಬಟ್ಟೆ ನಿಂತಿತ್ತು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ಕಥೆ ತಿರುಗುಮುರುಗು. ನೇಕಾರನಿಗೆ ಹಗುರ, ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಹಾಹಾಕಾರ. ಕರ್ನಾಟಕದ ರೈತ ಮತ್ತು ಕಾಶಿಯ ನೇಕಾರ ಒಂದೇ ದಾರದ ಎರಡು ತುದಿ ಹಿಡಿದು ನಿಂತವರು. ಒಂದು ತುದಿ ಎಳೆದರೆ ಇನ್ನೊಂದು ಕೈ ಕೊಯ್ಯುತ್ತದೆ. ಅವರಿಬ್ಬರೂ ಮುಖ ನೋಡಿಕೊಳ್ಳುವ ಸಂದರ್ಭ ಮಾತ್ರ ಎಲ್ಲೂ ಇಲ್ಲ. ಆ ವರ್ಷಗಳಲ್ಲಿ ಬನಾರಸ್‌ನ ಎಷ್ಟೋ ನೇಕಾರರು ಮಗ್ಗ ಕಿತ್ತಿಟ್ಟು ಸೂರತ್ತಿಗೆ, ಬೆಂಗಳೂರಿನ ಪವರ್‌ಲೂಮ್‌ಗಳಿಗೆ ಹೋದರು. ಇನ್ನು ಕೆಲವರು ರಿಕ್ಷಾ ತುಳಿದರು.

ಇದೇ ಹೊತ್ತಿಗೆ ಆ ಕಡೆ ಗ್ಯಾಲಕ್ಸೀಸ್ ಆಟದಲ್ಲೂ ಒಂದು ಸುಧಾರಣೆ ನಡೆಯಿತು. ಆಟ ತೀರಾ ಗೋಜಲು, ಹೊಸಬರು ನಿಲ್ಲುತ್ತಿಲ್ಲ ಎಂದು 2005ರ ನವೆಂಬರ್‌ನಲ್ಲಿ ಇಡೀ ವ್ಯವಸ್ಥೆಯನ್ನು ಬದಲಿಸಿದರು. ಮೂವತ್ತಕ್ಕೂ ಹೆಚ್ಚಿದ್ದ ವೃತ್ತಿಗಳು ಒಂಬತ್ತಾದವು. ಒಳ್ಳೆಯ ಆಯುಧಗಳು ಶತ್ರುವನ್ನು ಕೊಂದರೆ ಬಿದ್ದು ಸಿಗತೊಡಗಿದವು. ವರ್ಷಗಟ್ಟಲೆ ಲೋಹ ಕೂಡಿಟ್ಟು ಹೆಸರು ಮಾಡಿದ್ದವರ ಅಂಗಡಿಗಳು ಖಾಲಿಯಾದವು. ನನ್ನ ಪಕ್ಕದ ಡೆಸ್ಕಿನಲ್ಲಿದ್ದ ಅಮೆರಿಕದ ಸಹೋದ್ಯೋಗಿಯೊಬ್ಬ ಅಲ್ಲಿ ಬಂದೂಕು ಮಾಡುವವನಾಗಿದ್ದ. "ನನ್ನ ಹತ್ತಿರ ಬರಲು ಜನರಿಗೆ ಕಾರಣವೇ ಉಳಿಯಲಿಲ್ಲ" ಅಂತ ಊಟದ ಹೊತ್ತಿನಲ್ಲಿ ಹೇಳುತ್ತಿದ್ದ. ಬೇಕಾದಷ್ಟು ಜನ ಆಟ ಬಿಟ್ಟರು. 2011ರ ಡಿಸೆಂಬರ್‌ನಲ್ಲಿ ಆಟವೇ ಮುಚ್ಚಿತು. ಅವನು ಬೇರೆ ಆಟಕ್ಕೆ ಹೋದ. ಇಲ್ಲಿಯೇ ಹೋಲಿಕೆ ನಿಲ್ಲಿಸಬೇಕು. ಮದನ್‌ಪುರದ ನೇಕಾರನಿಗೆ ಲಾಗೌಟ್ ಇಲ್ಲ.

ಆದರೂ ಎರಡರಿಂದ ಒಂದೇ ಮಾತು ಹೊರಡುತ್ತದೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನನ್ನ ದಿನದ ಅರ್ಧ ಹೋಗುವುದು ಯಾವುದನ್ನಾದರೂ 'ಸರಳಗೊಳಿಸಿ' ಎನ್ನುವ ಕೋರಿಕೆಗಳಲ್ಲಿ. ಕಂಪ್ಯೂಟರ್ ವಿಜ್ಞಾನಿ ಲ್ಯಾರಿ ಟೆಸ್ಲರ್ 1980ರ ದಶಕದಲ್ಲಿ ಹೇಳಿದ ತತ್ವವೊಂದಿದೆ. ಯಾವ ವ್ಯವಸ್ಥೆಯಲ್ಲೂ ಇಳಿಸಲಾಗದ ಒಂದಷ್ಟು ಕಷ್ಟ ಇದ್ದೇ ಇರುತ್ತದೆ, ಅದನ್ನು ಯಾರು ಹೊರಬೇಕು ಎಂಬುದಷ್ಟೇ ಪ್ರಶ್ನೆ. ನಾನು ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ: ಹೊತ್ತವರಿಗೆ ಕೂಲಿ ಯಾರು ಕೊಡುತ್ತಾರೆ? ನಕ್ಷಾಬಂದ್ ಕಷ್ಟ ಹೊತ್ತಿದ್ದ, ಅದಕ್ಕೆ ಅವನಿಗೆ ಮರ್ಯಾದೆಯಿತ್ತು. ಕಷ್ಟ ರಟ್ಟಿಗೆ, ಫೈಲಿಗೆ ಹೋದಾಗ ಸೀರೆಯ ಅಂದ ಉಳಿಯಿತು, ಮರ್ಯಾದೆ ಜಾಗ ಬದಲಿಸಿತು. ಕಸುಬು ಗೋಜಲಾಗಿದೆ ಎಂದು ದೂರುವಾಗ ನಾವು ಕೇಳಬೇಕಾದದ್ದು ಹಂತಗಳು ಎಷ್ಟಿವೆ ಎಂದಲ್ಲ, ಒಂದೊಂದು ಹಂತದ ಹಿಂದೆ ಯಾರಿದ್ದಾರೆ ಎಂದು. ಯಾರೂ ಇಲ್ಲದಿದ್ದರೆ ಧಾರಾಳವಾಗಿ ಕಿತ್ತುಹಾಕಿ. ಇದ್ದರೆ, ಅವರನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಮೊದಲು ಯೋಚಿಸಿ.

ಕಷ್ಟವನ್ನು ಮತ್ತೆ ಬೇಕೆಂದು ಕರೆದವರೂ ಇದ್ದಾರೆ. 1993ರಲ್ಲಿ ರಾಹುಲ್ ಜೈನ್ ಬನಾರಸ್‌ನಲ್ಲಿ ಆಶಾ ಎಂಬ ಕಾರ್ಯಾಗಾರ ಶುರುಮಾಡಿ ಹಳೆಯ ಎಳೆಮಗ್ಗಗಳ ಮೇಲೆ ಮೊಗಲರ ಕಾಲದ ಮಟ್ಟದ ಬಟ್ಟೆ ನೇಯಿಸಿದರು. 2009ರಲ್ಲಿ ಬನಾರಸ್‌ನ ಬ್ರೊಕೇಡ್ ಮತ್ತು ಸೀರೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ವಾರಣಾಸಿಯೂ ಸೇರಿ ಆರು ಜಿಲ್ಲೆಗಳ ನೇಯ್ಗೆಗೆ ಮಾತ್ರ ಆ ಹೆಸರು. ಆಟಗಳಲ್ಲೂ ಅಷ್ಟೇ. 2004ರಿಂದ ಕ್ರಾಫ್ಟಿಂಗನ್ನು ಸರಳವಾಗಿಯೇ ಇಟ್ಟುಕೊಂಡಿದ್ದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2022ರಲ್ಲಿ ಗುಣಮಟ್ಟದ ಹಂತಗಳನ್ನು ತಂದಿತು, ಒಬ್ಬ ಆಟಗಾರ ಇನ್ನೊಬ್ಬ ಕಸುಬುದಾರನಿಗೆ ಆರ್ಡರ್ ಕೊಡುವ ಏರ್ಪಾಡನ್ನೂ ತಂದಿತು. ಹದಿನೆಂಟು ವರ್ಷದ ನಂತರ ಅಲ್ಲಿಯೂ ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟುವಂತಾಯಿತು.

ಮದುವೆಯ ಸೀಸನ್ನಿನಲ್ಲಿ ನೀವು ಬನಾರಸ್ ಸೀರೆಗೆ ಹೋದರೆ ಒಂದು ಕೆಲಸ ಮಾಡಿ. ಸೆರಗಿನ ಅಂದ ನೋಡುವ ಮೊದಲು ಸೀರೆಯನ್ನು ತಿರುಗಿಸಿ ಹಿಂಬದಿ ನೋಡಿ. 'ಫೇಕುವಾ' ನೇಯ್ಗೆಯಲ್ಲಿ ಜರಿ ದಾರ ಈ ಅಂಚಿನಿಂದ ಆ ಅಂಚಿಗೆ ಓಡಿರುತ್ತದೆ. ಹೂವಿನಿಂದ ಹೂವಿಗೆ ಹಿಂದೆ ಸಡಿಲ ದಾರ ಕಾಣುತ್ತದೆ, ಇಲ್ಲವೇ ಕತ್ತರಿಸಿದ ಗುರುತು ಇರುತ್ತದೆ. 'ಕಢುವಾ' ನೇಯ್ಗೆಯಲ್ಲಿ ಒಂದೊಂದು ಹೂವನ್ನೂ ಪುಟ್ಟ ಕಂಡಿಕೆಯಿಂದ ಬೇರೆಯಾಗಿ ನೇಯ್ದಿರುತ್ತಾರೆ, ಹಿಂಬದಿಯೂ ಚೊಕ್ಕ. ಸಾಮಾನ್ಯ ಪವರ್‌ಲೂಮ್‌ಗೆ ಇದು ಬರುವುದಿಲ್ಲ. ಅಂಗಡಿಯವರನ್ನು "ಅಣ್ಣಾ, ಇದು ಕಢುವಾನಾ ಫೇಕುವಾನಾ?" ಅಂತ ಕೇಳಿ. ಕಢುವಾಕ್ಕೆ ಬೆಲೆ ಹೆಚ್ಚು. ಕೊಳ್ಳಲೇಬೇಕೆಂದಿಲ್ಲ, ಎರಡಕ್ಕೂ ಬೆಲೆ ಯಾಕೆ ಬೇರೆ ಎಂಬುದು ಗೊತ್ತಿದ್ದರೆ ಸಾಕು. ಕೇಳುವವರು ಹೆಚ್ಚಾದರೆ, ಆ ಹೂವುಗಳನ್ನು ಒಂದೊಂದಾಗಿ ತುಂಬುವ ಕೈಗೆ ಕೆಲಸ ಇರುತ್ತದೆ.